ಮೈಸೂರು ಮತ್ತು ಆರಂಭಿಕ ಅಮೆರಿಕ ಗಣರಾಜ್ಯದ ವಿದೇಶಾಂಗ ನೀತಿ

ಹದಿನೆಂಟನೆಯ ಶತಮಾನದ ಕೊನೆಯ ಇಪ್ಪತ್ತೈದು ವರ್ಷಗಳಲ್ಲಿ ಮೈಸೂರು ರಾಜ್ಯ ಮತ್ತು ಆಗತಾನೆ ಸ್ವತಂತ್ರವಾದ ಅಮೆರಿಕ ಸಂಯುಕ್ತ ಸಂಸ್ಥಾನ ಎರಡೂ ಬ್ರಿಟನ್ನಿನ ವಿರುದ್ಧ ಹೋರಾಡಿದವು. ಎರಡೂ ಅದಕ್ಕಾಗಿ ಫ್ರಾನ್ಸಿನ ನೆರವನ್ನು ನೆಚ್ಚಿಕೊಂಡವು. 1800ರ ಹೊತ್ತಿಗೆ ಅಮೆರಿಕವು ಫ್ರಾನ್ಸಿನೊಡನೆ ಮಾಡಿಕೊಂಡಿದ್ದ ಮೈತ್ರಿಯಿಂದ ಯಾವ ಪ್ರದೇಶವನ್ನೂ ಕಳೆದುಕೊಳ್ಳದೆ ಹೊರಬಂದಿತ್ತು. ಮೈಸೂರು ಅದಕ್ಕೆ ಒಂದು ವರ್ಷ ಮುಂಚೆ, 1799ರ ಮೇ 4ರಂದು, ಶ್ರೀರಂಗಪಟ್ಟಣದ ಪತನದೊಂದಿಗೆ ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡಿತು. ಈ ಎರಡು ರಾಜ್ಯಗಳ ನಡುವೆ ನೇರವಾದ ರಾಜತಾಂತ್ರಿಕ ಒಪ್ಪಂದವಿರಲಿಲ್ಲ. ಆದರೂ ಒಂದೇ ಯುದ್ಧದ, ಒಂದೇ ಶಾಂತಿ ಮಾತುಕತೆಯ ಪರಿಣಾಮಗಳು ಇಬ್ಬರ ಮೇಲೂ ಆದವು. ಹೀಗಾಗಿ ಇವೆರಡರ ವಿದೇಶಾಂಗ ನೀತಿಯನ್ನು ಒಟ್ಟಿಗೆ ಇರಿಸಿ ನೋಡುವುದು ಇತಿಹಾಸದ ಅಧ್ಯಯನದಲ್ಲಿ ಉಪಯುಕ್ತವಾಗಿದೆ.

ಭೌಗೋಳಿಕ ಹಿನ್ನೆಲೆ

ಸೂಲಿಬೆಲೆಯು ಇಂದಿನ ಹೊಸಕೋಟೆ ತಾಲೂಕಿನ ಒಂದು ಹೋಬಳಿ ಕೇಂದ್ರ. ಇದರ ದಕ್ಷಿಣಕ್ಕೆ ಹೊಸಕೋಟೆ, ವಾಯವ್ಯಕ್ಕೆ ಟಿಪ್ಪು ಸುಲ್ತಾನನ ಜನ್ಮಸ್ಥಳವಾದ ದೇವನಹಳ್ಳಿ ಇವೆ. ಪೂರ್ವದ ಘಟ್ಟಗಳನ್ನು ಹತ್ತಿ ಕೋಲಾರದ ಮೂಲಕ ಬೆಂಗಳೂರಿಗೆ ಬರುವ ಸೈನ್ಯಕ್ಕೆ ಈ ಸೀಮೆಯಲ್ಲಿ ದೊಡ್ಡ ನದಿಯಾಗಲಿ, ದಟ್ಟವಾದ ಕಾಡಾಗಲಿ ಅಡ್ಡಬರುವುದಿಲ್ಲ. ಕೆರೆಗಳು, ರಾಗಿಯ ಹೊಲಗಳು ಮತ್ತು ನಡುನಡುವೆ ಕಲ್ಲುಕೋಟೆಗಳಿದ್ದ ಬಯಲುನಾಡು ಇದು.

ಹೈದರ್ ಅಲಿಯ ಏಳಿಗೆಯ ಹಲವು ಘಟ್ಟಗಳು ಈ ಬಯಲಿನಲ್ಲಿಯೇ ನಡೆದವು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಆತ ಮೊದಲ ಬಾರಿಗೆ ಹೆಸರು ಮಾಡಿದ. 1761ರಲ್ಲಿ ನಿಜಾಮನ ಸಹೋದರ ಬಸಾಲತ್ ಜಂಗ್ ಹೊಸಕೋಟೆಯನ್ನು ಮುತ್ತಿದಾಗ ಹೈದರ್ ಅವನೊಡನೆ ಒಡಂಬಡಿಕೆ ಮಾಡಿಕೊಂಡು ಸಿರಾದ ನವಾಬಗಿರಿಯನ್ನು ಪಡೆದ. ಮೊದಲ ಆಂಗ್ಲೊ-ಮೈಸೂರು ಯುದ್ಧದಲ್ಲಿ, 1768ರ ಆಗಸ್ಟ್‌ನಲ್ಲಿ, ಕಂಪನಿಯ ಮಿತ್ರನಾಗಿದ್ದ ಮರಾಠ ಸರದಾರ ಮುರಾರಿರಾಯನ ಪಾಳೆಯದ ಮೇಲೆ ಹೈದರ್ ಹೊಸಕೋಟೆಯ ಬಳಿ ರಾತ್ರಿ ದಾಳಿ ನಡೆಸಿದ.

ಅಟ್ಲಾಂಟಿಕ್ ಸಾಗರವು ಅಮೆರಿಕಕ್ಕೂ ಯುರೋಪಿಗೂ ನಡುವೆ ಮೂರು ಸಾವಿರ ಮೈಲಿಗಳಷ್ಟು ಹರಡಿದೆ. ಮೈಸೂರಿಗೆ ಅಂತಹ ಕಂದಕ ಇರಲಿಲ್ಲ. ಮದ್ರಾಸಿನಿಂದ ಹೊರಟ ಸೇನೆಯು ಕೆಲವು ವಾರಗಳಲ್ಲಿ ಹೊಸಕೋಟೆಯನ್ನು ತಲುಪಬಲ್ಲುದಾಗಿತ್ತು. ಉತ್ತರದಿಂದ ಮರಾಠರೂ ನಿಜಾಮನ ಕುದುರೆಪಡೆಯೂ ಅದೇ ಬಯಲಿಗೆ ಬಂದು ಸೇರಬಹುದಾಗಿತ್ತು.

ಫ್ರಾನ್ಸಿನ ಸ್ನೇಹ (1778–1783)

1778ರ ಫೆಬ್ರವರಿ 6ರಂದು ಪ್ಯಾರಿಸಿನಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ನಡುವೆ ಮೈತ್ರಿ ಒಪ್ಪಂದವಾಯಿತು. ಇಬ್ಬರಲ್ಲಿ ಯಾರೊಬ್ಬರೂ ಮತ್ತೊಬ್ಬರ ಒಪ್ಪಿಗೆಯಿಲ್ಲದೆ ಬ್ರಿಟನ್ನಿನೊಡನೆ ಸಂಧಿ ಮಾಡಿಕೊಳ್ಳಕೂಡದು ಎಂಬುದು ಅದರ ಮುಖ್ಯ ಕಲಮುಗಳಲ್ಲಿ ಒಂದು. ಈ ಮೈತ್ರಿಯಿಂದಾಗಿ ಆಂಗ್ಲೊ-ಫ್ರೆಂಚ್ ಯುದ್ಧ ಮರುಕಳಿಸಿತು. ಅದರ ಬಿಸಿ ಭಾರತಕ್ಕೂ ತಟ್ಟಿತು. 1779ರ ಮಾರ್ಚ್‌ನಲ್ಲಿ ಕಂಪನಿಯು ಮಲಬಾರ್ ಕರಾವಳಿಯ ಫ್ರೆಂಚ್ ಠಾಣ್ಯ ಮಾಹೆಯನ್ನು ವಶಪಡಿಸಿಕೊಂಡಿತು. ಮಾಹೆಯು ಹೈದರನಿಗೆ ಯುದ್ಧಸಾಮಗ್ರಿ ಬರುತ್ತಿದ್ದ ರೇವು. ಅದನ್ನು ಮುಟ್ಟಬಾರದೆಂದು ಆತ ಮೊದಲೇ ಎಚ್ಚರಿಕೆ ಕೊಟ್ಟಿದ್ದ.

ಕಂಪನಿಯ ಮೇಲೆ ಹೈದರನಿಗಿದ್ದ ದೂರು ಇದಕ್ಕಿಂತ ಹಳೆಯದು. 1769ರ ಮದ್ರಾಸ್ ಒಪ್ಪಂದದಲ್ಲಿ ಎರಡೂ ಪಕ್ಷಗಳು ಪರಸ್ಪರ ರಕ್ಷಣೆಗೆ ಒಪ್ಪಿದ್ದವು. ಮುಂದೆ ಮರಾಠರು ಮೈಸೂರಿನ ಮೇಲೆ ಏರಿಬಂದಾಗ ಕಂಪನಿಯು ಆ ಮಾತನ್ನು ನಡೆಸಿಕೊಡಲಿಲ್ಲ. 1780ರ ಜುಲೈನಲ್ಲಿ ಹೈದರ್ ಕರ್ನಾಟಕ್ ಪ್ರಾಂತ್ಯಕ್ಕೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಬೈಲಿಯ ಪಡೆಯನ್ನು ಸೋಲಿಸಿದ.

ಈ ಗೆಲುವುಗಳ ಸುದ್ದಿ ಅಮೆರಿಕವನ್ನು ಮುಟ್ಟಿತ್ತು. ಪೆನ್ಸಿಲ್ವೇನಿಯ ರಾಜ್ಯವು ವ್ಯಾಪಾರಿ ಹಡಗುಗಳ ಕಾವಲಿಗೆ ಸಜ್ಜುಗೊಳಿಸಿದ ಒಂದು ನೌಕೆಯ ಹೆಸರು ‘ಹೈದರ್ ಆಲಿ’. ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಹೆಚ್ಚು ಫಿರಂಗಿಗಳಿದ್ದ ಬ್ರಿಟಿಷ್ ನೌಕೆ ‘ಜನರಲ್ ಮಾಂಕ್’ಅನ್ನು ಸೆರೆಹಿಡಿಯಿತು. ಕವಿ ಫಿಲಿಪ್ ಫ್ರೆನೊ ಆ ಹಡಗಿನ ಮೇಲೆ ಪದ್ಯ ಬರೆದ. ಮೈಸೂರಿಗೆ ಅಮೆರಿಕದಿಂದ ಸಂದದ್ದು ಈ ಗೌರವ ಮಾತ್ರ. ಮದ್ದಾಗಲಿ ಹಣವಾಗಲಿ ಅಲ್ಲಿಂದ ಬರಲಿಲ್ಲ.

ಫ್ರಾನ್ಸಿನ ನೆರವು ಮೈಸೂರಿಗೆ ತಡವಾಗಿ ಮತ್ತು ತೆಳುವಾಗಿ ಬಂದಿತು. 1782ರ ಆರಂಭದಲ್ಲಿ ಡುಶೆಮಿನ್‌ನ ತುಕಡಿ ಪೂರ್ವ ಕರಾವಳಿಯ ಪೋರ್ಟೊ ನೋವೊದಲ್ಲಿ ಇಳಿಯಿತು. ಜುಲೈನಲ್ಲಿ ನೌಕಾಧಿಪತಿ ಸಫ್ರೆನ್ ಕಡಲೂರಿನ ಬಳಿ ಹೈದರನನ್ನು ಕಂಡ. ದೊಡ್ಡ ಸೇನೆಯೊಂದಿಗೆ ಬರಬೇಕಿದ್ದ ಬುಸ್ಸಿ 1783ರ ಮಾರ್ಚ್‌ನಲ್ಲಿ ಕಾಲಿಟ್ಟಾಗ ಹೈದರ್ ತೀರಿಕೊಂಡು ಮೂರು ತಿಂಗಳಾಗಿತ್ತು. ಅಮೆರಿಕಕ್ಕೆ 1778ರಲ್ಲಿ ಸಿಕ್ಕಂತಹ, ದೊರೆಯ ಮುದ್ರೆಯುಳ್ಳ ಪೂರ್ಣ ಪ್ರಮಾಣದ ಮೈತ್ರಿಪತ್ರ ಮೈಸೂರಿನ ಕೈಗೆ ಎಂದೂ ಬರಲಿಲ್ಲ.

1783ರ ಸಂಧಿ ಮತ್ತು ಅದರಲ್ಲಿ ಇಲ್ಲದವರು

1782ರ ನವೆಂಬರ್ 30ರಂದು ಅಮೆರಿಕದ ಪ್ರತಿನಿಧಿಗಳಾದ ಬೆಂಜಮಿನ್ ಫ್ರಾಂಕ್ಲಿನ್, ಜಾನ್ ಆ್ಯಡಮ್ಸ್, ಜಾನ್ ಜೇ ಮತ್ತು ಹೆನ್ರಿ ಲಾರೆನ್ಸ್ ಬ್ರಿಟನ್ನಿನೊಡನೆ ಪ್ರಾಥಮಿಕ ಸಂಧಿಗೆ ಸಹಿ ಹಾಕಿದರು. ಫ್ರಾನ್ಸಿನ ಮಂತ್ರಿ ವೆರ್ಜೆನ್‌ಗೆ ಅದನ್ನು ತಿಳಿಸಿದ್ದು ಮಾತುಕತೆ ಮುಗಿದ ಮೇಲೆ. ಫ್ರಾನ್ಸಿನೊಡನೆ ಅಂತಿಮ ಶಾಂತಿಯಾಗುವವರೆಗೆ ಆ ಸಂಧಿ ಜಾರಿಗೆ ಬರುವುದಿಲ್ಲ ಎಂಬ ಷರತ್ತಿದ್ದುದರಿಂದ ಒಪ್ಪಂದದ ಅಕ್ಷರಕ್ಕೆ ಭಂಗ ಬರಲಿಲ್ಲ. ಅದರ ಆಶಯಕ್ಕೆ ಭಂಗ ಬಂದದ್ದು ನಿಜ. ವೆರ್ಜೆನ್ ಆಕ್ಷೇಪಿಸಿದ, ಫ್ರಾಂಕ್ಲಿನ್ ನಯವಾಗಿ ಕ್ಷಮೆ ಕೇಳಿದ, ಸ್ವಲ್ಪ ಕಾಲದಲ್ಲೇ ಫ್ರಾನ್ಸಿನಿಂದ ಹೊಸ ಸಾಲವನ್ನೂ ಪಡೆದ. ಹೊಸ ಗಣರಾಜ್ಯದ ರಾಜತಂತ್ರ ಎಷ್ಟು ಪಳಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೈಸೂರಿನ ವಿಷಯದಲ್ಲಿ ಪಾತ್ರಗಳು ಅದಲುಬದಲಾದವು. 1783ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ತಮ್ಮ ಪ್ರಾಥಮಿಕ ಸಂಧಿಗೆ ಸಹಿ ಮಾಡಿದಾಗ ಆ ಮೇಜಿನ ಬಳಿ ಮೈಸೂರಿನವರು ಯಾರೂ ಇರಲಿಲ್ಲ. ಭಾರತದಲ್ಲಿರುವ ತಮ್ಮ ತಮ್ಮ ಮಿತ್ರರನ್ನು ಶಾಂತಿಗೆ ಸೇರುವಂತೆ ಆಹ್ವಾನಿಸುವುದು, ಅವರು ನಾಲ್ಕು ತಿಂಗಳೊಳಗೆ ಒಪ್ಪದಿದ್ದರೆ ಮುಂದೆ ನೆರವು ಕೊಡದಿರುವುದು ಎಂದು ಅದರಲ್ಲಿ ಬರೆಯಲಾಯಿತು. ಜೂನ್ ಕೊನೆಯಲ್ಲಿ ಈ ಸುದ್ದಿ ಕಡಲೂರನ್ನು ಮುಟ್ಟಿತು. ಆ ವೇಳೆಗೆ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿದ್ದ. ಅವನ ಪಾಳೆಯದಲ್ಲಿದ್ದ ಫ್ರೆಂಚ್ ತುಕಡಿಯು ಯುದ್ಧದಿಂದ ಹಿಂದೆ ಸರಿಯಿತು. ಮುತ್ತಿಗೆಯನ್ನು ಟಿಪ್ಪು ತನ್ನ ಬಲದಿಂದಲೇ ಮುಂದುವರಿಸಿ, 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವನ್ನು ಪಡೆದ. ಅದು ಇಬ್ಬರು ಸಮಾನರ ನಡುವಣ ಒಪ್ಪಂದವಾಗಿತ್ತು. ಭಾರತದ ಅರಸನೊಬ್ಬನು ಕಂಪನಿಯೊಡನೆ ಅಂತಹ ಸ್ಥಾನದಲ್ಲಿ ನಿಂತು ಸಹಿ ಮಾಡಿದ ಕೊನೆಯ ಸಂದರ್ಭಗಳಲ್ಲಿ ಒಂದು.

1783ರ ಸಂಧಿಯಲ್ಲಿ ಮೈಸೂರಿನಂತೆಯೇ ಗೈರುಹಾಜರಾಗಿದ್ದ ಇನ್ನೊಂದು ಪಕ್ಷವಿತ್ತು. ಓಹಾಯೋ ನದಿಯ ಉತ್ತರದಲ್ಲಿ ವಾಸಿಸುತ್ತಿದ್ದ ಮಯಾಮಿ, ಶಾನಿ, ಡೆಲವೇರ್ ಮೊದಲಾದ ಮೂಲನಿವಾಸಿ ಜನಾಂಗಗಳಲ್ಲಿ ಅನೇಕರು ಬ್ರಿಟನ್ನಿನ ಪರವಾಗಿ ಹೋರಾಡಿದ್ದರು. ಬ್ರಿಟನ್ ಅವರನ್ನು ಕೇಳದೆಯೇ ಮಿಸಿಸಿಪ್ಪಿ ನದಿಯವರೆಗಿನ ಅವರ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಮೈಸೂರನ್ನು ಅಮೆರಿಕದೊಡನೆ ಹೋಲಿಸುವುದು ರೂಢಿಯಾದರೂ, ಅದರ ಸ್ಥಿತಿಗೆ ಹೆಚ್ಚು ಹತ್ತಿರವಾದದ್ದು ಈ ಜನಾಂಗಗಳ ಸ್ಥಿತಿ. ದೂರದ ಸಾಮ್ರಾಜ್ಯವೊಂದರ ಮಿತ್ರರಾಗಿದ್ದು, ಅದರ ಯುದ್ಧದಲ್ಲಿ ರಕ್ತ ಸುರಿಸಿ, ಅದರ ಶಾಂತಿಯಲ್ಲಿ ಪಾಲಿಲ್ಲದವರು ಇಬ್ಬರೂ.

ಕಾರ್ನ್‌ವಾಲಿಸ್ ಮತ್ತು 1791

1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಸೇನೆಗಳಿಗೆ ಶರಣಾದ ಚಾರ್ಲ್ಸ್ ಕಾರ್ನ್‌ವಾಲಿಸ್ 1786ರಲ್ಲಿ ಬಂಗಾಳದ ಗವರ್ನರ್ ಜನರಲ್ ಆದ. 1789ರ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದ್ದು ಮೂರನೆಯ ಯುದ್ಧಕ್ಕೆ ಕಾರಣವಾಯಿತು. ಕಾರ್ನ್‌ವಾಲಿಸ್ ರಣರಂಗಕ್ಕೆ ಇಳಿಯುವ ಮೊದಲೇ 1790ರಲ್ಲಿ ಮರಾಠರನ್ನೂ ನಿಜಾಮನನ್ನೂ ಒಪ್ಪಂದಗಳಿಂದ ಕಂಪನಿಯ ಕಡೆಗೆ ಕಟ್ಟಿಹಾಕಲಾಗಿತ್ತು. ಎದುರಾಳಿಗೆ ಹೊರಗಿನ ಮಿತ್ರರು ದೊರೆತರೆ ಏನಾಗುತ್ತದೆ ಎಂಬುದನ್ನು ಯಾರ್ಕ್‌ಟೌನಿನಲ್ಲಿ ಕಂಡಿದ್ದವನಿಗೆ ಈ ಸಿದ್ಧತೆಯ ಬೆಲೆ ಗೊತ್ತಿದ್ದಿರಬೇಕು.

1791ರ ಮಾರ್ಚ್ ಆರಂಭದ ಹೊತ್ತಿಗೆ ಅವನ ಸೈನ್ಯ ಕೋಲಾರ ಮತ್ತು ಹೊಸಕೋಟೆಗಳನ್ನು ಹೆಚ್ಚಿನ ಪ್ರತಿರೋಧವಿಲ್ಲದೆ ಹಿಡಿಯಿತು. ಮಾರ್ಚ್ 7ರಂದು ಬೆಂಗಳೂರು ಪೇಟೆ, 21ರ ರಾತ್ರಿ ಕೋಟೆ ಬಿದ್ದವು. ಬಳಿಕ ಅದು ಉತ್ತರಕ್ಕೆ ಹೊರಳಿ ನಿಜಾಮನ ಕುದುರೆಪಡೆಯನ್ನು ಎದುರುಗೊಳ್ಳಲು ಹೊರಟಿತು. ಈ ದಾರಿಯಲ್ಲಿ ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರದ ಕೋಟೆಗಳು ಅದರ ವಶವಾದವು. ಹೀಗೆ ಒಂದೇ ಬೇಸಿಗೆಯಲ್ಲಿ ಸೂಲಿಬೆಲೆಯ ಸುತ್ತಲಿನ ಪ್ರಮುಖ ಕೋಟೆಗಳೆಲ್ಲ ಕೈಬದಲಾದವು. ಸೇನೆಗಳ ಎತ್ತು, ಕುದುರೆಗಳಿಗೆ ಬೇಕಾದ ಮೇವು, ದವಸಗಳ ಹೊರೆ ಬಿದ್ದದ್ದು ಈ ಸೀಮೆಯ ರೈತರ ಮೇಲೆ. ವೈರಿಗೆ ಸಿಗದಿರಲೆಂದು ಮೈಸೂರಿನ ಸವಾರರು ಸುಟ್ಟದ್ದೂ ಅದೇ ಮೇವನ್ನು.

1792ರ ಮಾರ್ಚ್‌ನ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಫ್ರಾನ್ಸ್ ಈ ಯುದ್ಧದಲ್ಲಿ ಬೆರಳೆತ್ತಲಿಲ್ಲ. 1788ರ ಆಗಸ್ಟ್‌ನಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸೈ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡಿದ್ದರು. ಅಮೆರಿಕದ ರಾಯಭಾರಿಯಾಗಿ ಥಾಮಸ್ ಜೆಫರ್ಸನ್ ಆಗ ಪ್ಯಾರಿಸಿನಲ್ಲಿಯೇ ಇದ್ದ. ಅಮೆರಿಕದ ಯುದ್ಧಕ್ಕೆ ಸಾಲ ಮಾಡಿ ಬೊಕ್ಕಸ ಬರಿದು ಮಾಡಿಕೊಂಡಿದ್ದ ಫ್ರೆಂಚ್ ದೊರೆ ಮೈಸೂರಿಗೆ ಕೊಟ್ಟದ್ದು ಆದರದ ಮಾತು, ಉಡುಗೊರೆ ಮತ್ತು ಕೆಲವು ಕುಶಲಕರ್ಮಿಗಳನ್ನು. ಅಮೆರಿಕದ ಬಿಡುಗಡೆಗೆ ಫ್ರಾನ್ಸ್ ತೆತ್ತ ಬೆಲೆಯೇ ಮೈಸೂರಿಗೆ ಅದರ ನೆರವು ಸಿಗದಿರಲು ಒಂದು ಕಾರಣವಾಯಿತು. ಕಾನ್‌ಸ್ಟಾಂಟಿನೋಪಲ್‌ಗೆ ಹೋದ ಮತ್ತೊಂದು ದೊಡ್ಡ ರಾಯಭಾರವು ದಾರಿಯಲ್ಲಿ ರೋಗರುಜಿನಗಳಿಗೆ ಬಹುಪಾಲು ಜನರನ್ನು ಕಳೆದುಕೊಂಡು ಬರಿಗೈಯಲ್ಲಿ ಮರಳಿತು.

ತಟಸ್ಥ ನೀತಿ ಮತ್ತು ಜೇ ಒಪ್ಪಂದ

1793ರಲ್ಲಿ ಫ್ರಾನ್ಸ್ ತನ್ನ ದೊರೆಯ ತಲೆ ಕಡಿದು ಬ್ರಿಟನ್ನಿನ ಮೇಲೆ ಯುದ್ಧ ಸಾರಿದಾಗ 1778ರ ಮೈತ್ರಿ ಇನ್ನೂ ಜಾರಿಯಲ್ಲಿದೆಯೇ ಎಂಬ ಪ್ರಶ್ನೆ ಜಾರ್ಜ್ ವಾಷಿಂಗ್ಟನ್‌ನ ಮಂತ್ರಿಮಂಡಲದ ಮುಂದೆ ಬಂದಿತು. ಒಪ್ಪಂದ ದೊರೆಯೊಡನೆ ಆದದ್ದು, ಆತನೇ ಇಲ್ಲದ ಮೇಲೆ ಅದನ್ನು ಅಮಾನತಿನಲ್ಲಿಡಬಹುದು ಎಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ವಾದಿಸಿದ. ಒಪ್ಪಂದಗಳು ರಾಷ್ಟ್ರಗಳ ನಡುವೆ ಆಗುತ್ತವೆ, ವ್ಯಕ್ತಿಗಳ ನಡುವೆ ಅಲ್ಲ ಎಂದು ಜೆಫರ್ಸನ್ ಹೇಳಿದ. ಆದರೆ ಯುದ್ಧಕ್ಕೆ ಇಳಿಯಬಾರದು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಏಪ್ರಿಲ್ 22ರಂದು ವಾಷಿಂಗ್ಟನ್ ತಟಸ್ಥ ಘೋಷಣೆಯನ್ನು ಹೊರಡಿಸಿದ.

1794ರ ನವೆಂಬರ್ 19ರಂದು ಲಂಡನ್ನಿನಲ್ಲಿ ಜಾನ್ ಜೇ ಮಾಡಿಕೊಂಡ ಒಪ್ಪಂದ ಇನ್ನೂ ಕಹಿಯಾದ ಗುಳಿಗೆ. ಬ್ರಿಟಿಷರು ವಾಯವ್ಯದ ಕೋಟೆಗಳನ್ನು ತೆರವು ಮಾಡಲು ಒಪ್ಪಿದರು. ಆದರೆ ಅಮೆರಿಕದ ನಾವಿಕರನ್ನು ಹಿಡಿದೊಯ್ಯುವುದನ್ನು ನಿಲ್ಲಿಸುವ ಮಾತು ಅದರಲ್ಲಿ ಇರಲಿಲ್ಲ. ಊರೂರಿನಲ್ಲಿ ಜನರು ಜೇಯ ಪ್ರತಿಕೃತಿ ಸುಟ್ಟರು. ಗುಟ್ಟಾಗಿಟ್ಟಿದ್ದ ಒಪ್ಪಂದದ ಪಾಠವನ್ನು ಫಿಲಡೆಲ್ಫಿಯದ ಪತ್ರಿಕೆಯೊಂದು ಬಯಲು ಮಾಡಿತು. ಸೆನೆಟ್ 20–10 ಮತಗಳಿಂದ, ಅಂದರೆ ಮೂರನೆಯ ಎರಡರಷ್ಟು ಬಹುಮತಕ್ಕೆ ಒಂದೂ ಹೆಚ್ಚಿಲ್ಲದಂತೆ, ಅದನ್ನು ಒಪ್ಪಿತು. ಅದಕ್ಕೆ ಬೇಕಾದ ಹಣವನ್ನು ಕೆಳಮನೆ 1796ರಲ್ಲಿ 51–48ರಿಂದ ಮಂಜೂರು ಮಾಡಿತು. ಈ ಒಪ್ಪಂದದ ಹದಿಮೂರನೆಯ ಕಲಮು ಭಾರತದಲ್ಲಿದ್ದ ಬ್ರಿಟಿಷ್ ಬಂದರುಗಳನ್ನು ಅಮೆರಿಕದ ಹಡಗುಗಳಿಗೆ ತೆರೆಯಿತು. ಬ್ರಿಟನ್ನಿನ ಮಾಜಿ ವೈರಿಯು ಹೀಗೆ ಭಾರತದ ವ್ಯಾಪಾರದಲ್ಲಿ ಪಾಲುದಾರನಾದ. ಅದೇ ವರ್ಷಗಳಲ್ಲಿ ಮಲಬಾರ್ ಕರಾವಳಿಯನ್ನು ಕಳೆದುಕೊಂಡಿದ್ದ ಮೈಸೂರಿನ ವ್ಯಾಪಾರ ಕುಗ್ಗುತ್ತಿತ್ತು.

ಕೋಟೆಗಳ ತೆರವಿಗೆ ಬೆಲೆ ತೆತ್ತವರು ಮತ್ತೆ ಓಹಾಯೋದ ಮೂಲನಿವಾಸಿಗಳೇ. 1791ರ ನವೆಂಬರ್ 4ರಂದು, ಕಾರ್ನ್‌ವಾಲಿಸ್ ಮೈಸೂರಿನ ಗಿರಿದುರ್ಗಗಳನ್ನು ಹಿಡಿಯುತ್ತಿದ್ದ ದಿನಗಳಲ್ಲಿಯೇ, ಲಿಟಲ್ ಟರ್ಟಲ್ ಮತ್ತು ಬ್ಲೂ ಜಾಕೆಟ್ ಎಂಬ ನಾಯಕರು ಸೇಂಟ್ ಕ್ಲೇರ್‌ನ ಅಮೆರಿಕನ್ ಸೇನೆಯನ್ನು ಧೂಳೀಪಟ ಮಾಡಿದ್ದರು. ಆದರೆ 1794ರ ಆಗಸ್ಟ್ 20ರಂದು ಫಾಲನ್ ಟಿಂಬರ್ಸ್ ಕದನದಲ್ಲಿ ಸೋತು ಸಮೀಪದ ಬ್ರಿಟಿಷ್ ಕೋಟೆಗೆ ಓಡಿಬಂದಾಗ ಒಳಗಿದ್ದವರು ಬಾಗಿಲು ತೆರೆಯಲಿಲ್ಲ. ಮರುವರ್ಷದ ಗ್ರೀನ್‌ವಿಲ್ ಒಪ್ಪಂದದಲ್ಲಿ ಅವರು ಇಂದಿನ ಓಹಾಯೋ ರಾಜ್ಯದ ಬಹುಭಾಗವನ್ನು ಬಿಟ್ಟುಕೊಟ್ಟರು. ಮಂಗಳೂರಿನಲ್ಲಿ ಫ್ರೆಂಚರು ಕೈಬಿಟ್ಟದ್ದನ್ನು ಬಲ್ಲ ಓದುಗರಿಗೆ ಈ ಮುಚ್ಚಿದ ಬಾಗಿಲು ಅಪರಿಚಿತವೆನಿಸದು.

1798

ಈ ಒಂದು ವರ್ಷದಲ್ಲಿ ಎರಡು ರಾಜ್ಯಗಳ ದಾರಿಗಳು ಪೂರ್ತಿಯಾಗಿ ಕವಲೊಡೆದವು. ಜೇ ಒಪ್ಪಂದದಿಂದ ಮುನಿದ ಫ್ರಾನ್ಸ್ ಅಮೆರಿಕದ ಹಡಗುಗಳನ್ನು ಹಿಡಿಯತೊಡಗಿತ್ತು. ಸಂಧಾನಕ್ಕೆ ಹೋದ ಪ್ರತಿನಿಧಿಗಳಿಂದ ಫ್ರೆಂಚ್ ಮಂತ್ರಿ ತ್ಯಾಲೆರಾನ್‌ನ ಮಧ್ಯವರ್ತಿಗಳು ಲಂಚ ಕೇಳಿದ ಸಂಗತಿಯನ್ನು ಅಧ್ಯಕ್ಷ ಜಾನ್ ಆ್ಯಡಮ್ಸ್ 1798ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ಸಿನ ಮುಂದಿಟ್ಟ. ಘೋಷಣೆಯಿಲ್ಲದ ನೌಕಾಯುದ್ಧ ನಡೆಯಿತು. ಆದರೆ ಸ್ವಪಕ್ಷದವರ ಒತ್ತಾಯವನ್ನೂ ಮೀರಿ ಆ್ಯಡಮ್ಸ್ ಪೂರ್ಣ ಯುದ್ಧವನ್ನು ತಪ್ಪಿಸಿದ. 1800ರ ಸೆಪ್ಟೆಂಬರ್ 30ರ ಒಪ್ಪಂದದೊಂದಿಗೆ 1778ರ ಮೈತ್ರಿ ಕೊನೆಗೊಂಡಿತು.

ಮೈಸೂರಿನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಟಿಪ್ಪು ಗುಟ್ಟಾಗಿ ಮಾರಿಷಸ್‌ಗೆ ಕಳಿಸಿದ ರಾಯಭಾರಿಗಳ ಕೋರಿಕೆಯನ್ನು ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ 1798ರ ಜನವರಿ 30ರಂದು ಬಹಿರಂಗ ಪ್ರಕಟಣೆಯಾಗಿ ಹೊರಡಿಸಿ, ಸ್ವಯಂಸೇವಕರು ಸೇರಬೇಕೆಂದು ಕರೆಕೊಟ್ಟ. ಮಂಗಳೂರಿಗೆ ಬಂದಿಳಿದವರು ನೂರು ಮಂದಿಯೂ ಇರಲಿಲ್ಲ. ಸೈನ್ಯ ಬರಲಿಲ್ಲ, ಸಾಕ್ಷ್ಯ ಮಾತ್ರ ಕಲ್ಕತ್ತೆಗೆ ತಲುಪಿತು. ಹೊಸ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಯುದ್ಧದ ನೆಪಕ್ಕೆ ಅಷ್ಟು ಸಾಕಾಯಿತು. ಸೆಪ್ಟೆಂಬರ್‌ನಲ್ಲಿ ನಿಜಾಮನೊಡನೆ ಸಹಾಯಕ ಸೈನ್ಯದ ಒಪ್ಪಂದವಾಗಿ, ಅಕ್ಟೋಬರ್‌ನಲ್ಲಿ ಹೈದರಾಬಾದಿನ ಫ್ರೆಂಚ್ ತರಬೇತಿಯ ಪಡೆ ವಿಸರ್ಜನೆಗೊಂಡಿತು. ಈಜಿಪ್ಟಿನಲ್ಲಿದ್ದ ನೆಪೋಲಿಯನ್ 1799ರ ಜನವರಿಯಲ್ಲಿ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲಿಯೇ ಬ್ರಿಟಿಷರ ಕೈಸೇರಿತು. ಅವನ ಹಡಗುಪಡೆಯಂತೂ ಹಿಂದಿನ ಆಗಸ್ಟ್‌ನಲ್ಲೇ ನೈಲ್ ಕದನದಲ್ಲಿ ನಾಶವಾಗಿತ್ತು.

ಮಾರಿಷಸ್ ರಾಯಭಾರವನ್ನು ಟಿಪ್ಪುವಿನ ದೊಡ್ಡ ತಪ್ಪು ಎಂದು ಹೇಳುವವರಿದ್ದಾರೆ. ಲಾಭಕ್ಕಿಂತ ಅಪಾಯ ಬಹಳ ಹೆಚ್ಚಾಗಿದ್ದ ಹೆಜ್ಜೆ ಅದೆಂಬುದು ಸ್ಪಷ್ಟ. ಆದರೆ ಅಮೆರಿಕದ ಮಾದರಿಯ ತಟಸ್ಥ ನೀತಿ ಆತನಿಗೆ ಸಾಧ್ಯವಿತ್ತೇ ಎಂಬುದು ಬೇರೆ ಪ್ರಶ್ನೆ. ತಟಸ್ಥನಾಗಿರಲು ಬಲಿಷ್ಠನ ಒಪ್ಪಿಗೆಯೂ ಬೇಕು. ಮರಾಠರೊಡನೆ 1787ರಲ್ಲಿ ಗಜೇಂದ್ರಗಡದಲ್ಲಿ ಮಾಡಿಕೊಂಡ ಶಾಂತಿ ಮೂರೇ ವರ್ಷಗಳಲ್ಲಿ ಮುರಿದಿತ್ತು. ನಿಜಾಮನು ಕಂಪನಿಯ ಆಶ್ರಿತನಾಗುತ್ತಿದ್ದ. ಜೇಗೆ ಲಂಡನ್ನಿನಲ್ಲಿ ಸಿಕ್ಕಂತಹ ಕೆಟ್ಟ ಒಪ್ಪಂದವನ್ನಾದರೂ 1798ರಲ್ಲಿ ಮೈಸೂರಿಗೆ ಕೊಡಲು ವೆಲ್ಲೆಸ್ಲಿ ಸಿದ್ಧನಿರಲಿಲ್ಲ. ಬ್ರಿಟನ್ನಿಗೆ ಅಮೆರಿಕವು ಒಳ್ಳೆಯ ಗಿರಾಕಿ. ಮೈಸೂರು ದಾರಿಗಡ್ಡವಾದ ರಾಜ್ಯ.

ವ್ಯಾಪಾರವೆಂಬ ಆಯುಧ

ವ್ಯಾಪಾರವನ್ನು ಯುದ್ಧದ ಬದಲಿಗೆ ಬಳಸುವ ಯೋಚನೆ ಎರಡೂ ಕಡೆ ಇತ್ತು. ಟಿಪ್ಪು ಮೆಣಸು, ಶ್ರೀಗಂಧ, ಏಲಕ್ಕಿಗಳ ವ್ಯಾಪಾರವನ್ನು ಸರ್ಕಾರದ ಏಕಸ್ವಾಮ್ಯಕ್ಕೆ ತಂದು, ಅವು ಇಂಗ್ಲಿಷರ ಕೈಸೇರದಂತೆ ತಡೆಯಲು ನೋಡಿದ. ಮಸ್ಕತ್‌ನಲ್ಲಿ ಮೈಸೂರಿನ ಕೋಠಿ ಇತ್ತು. 1792ರಲ್ಲಿ ಮಲಬಾರ್ ಕೈತಪ್ಪಿದ ಮೇಲೆ ಈ ನೀತಿಯ ಬೇರು ಸಡಿಲವಾಯಿತು. ಜೆಫರ್ಸನ್ 1807ರ ಡಿಸೆಂಬರ್‌ನಲ್ಲಿ ತನ್ನ ದೇಶದ ಹಡಗುಗಳು ಹೊರಗೆ ಹೋಗುವುದನ್ನೇ ನಿಷೇಧಿಸಿದ. ಅಮೆರಿಕದ ರಫ್ತು ಒಂದೇ ವರ್ಷದಲ್ಲಿ 108 ದಶಲಕ್ಷ ಡಾಲರ್‌ಗಳಿಂದ 22 ದಶಲಕ್ಷಕ್ಕೆ ಇಳಿಯಿತು, ಬ್ರಿಟನ್ ಮಣಿಯಲಿಲ್ಲ. ಹದಿನೈದು ತಿಂಗಳಲ್ಲಿ ಕಾಯ್ದೆ ರದ್ದಾಯಿತು. ಜೆಫರ್ಸನ್‌ನ ಸೋಲಿಗೆ ಅಮೆರಿಕ ತೆತ್ತದ್ದು ವ್ಯಾಪಾರನಷ್ಟ ಮತ್ತು ನ್ಯೂ ಇಂಗ್ಲೆಂಡಿನ ಬಂದರುಗಳ ಸಿಟ್ಟು; ರಾಜ್ಯ ಉಳಿಯಿತು.

ನಂತರದ ಚರ್ಚೆ

ಶ್ರೀರಂಗಪಟ್ಟಣದಲ್ಲಿ 1797ರಲ್ಲಿ ಫ್ರೆಂಚ್ ಸೈನಿಕರು ಜಾಕೊಬಿನ್ ಸಂಘ ಕಟ್ಟಿದ್ದರು, ಟಿಪ್ಪು ‘ನಾಗರಿಕ’ ಎಂಬ ಬಿರುದು ಧರಿಸಿದ್ದ ಎಂಬ ಕಥೆ ಜನಪ್ರಿಯವಾಗಿದೆ. ಇದಕ್ಕೆ ಆಧಾರವಾದ ಕಾಗದಪತ್ರಗಳು ಅರಮನೆಯಲ್ಲಿ ಸಿಕ್ಕವೆಂದು ಪ್ರಕಟಿಸಿದವರು ಗೆದ್ದ ಬ್ರಿಟಿಷರು. ಆ ಯುದ್ಧವನ್ನು ಲಂಡನ್ನಿನಲ್ಲಿ ಸಮರ್ಥಿಸಿಕೊಳ್ಳಬೇಕಾದ ಅಗತ್ಯ ಅವರಿಗಿತ್ತು. ಹೀಗಾಗಿ ಆಧುನಿಕ ಇತಿಹಾಸಕಾರರಲ್ಲಿ ಹಲವರು ಇದನ್ನು ಎಚ್ಚರದಿಂದ ಬಳಸುತ್ತಾರೆ. ಟಿಪ್ಪುವನ್ನು ಗಣರಾಜ್ಯವಾದಿ ಎಂದು ಕರೆಯಲು ಅದು ಸಾಲದು.

ಕರ್ನಾಟಕ ಸರ್ಕಾರ 2015ರಲ್ಲಿ ಆರಂಭಿಸಿದ ಟಿಪ್ಪು ಜಯಂತಿ 2019ರಲ್ಲಿ ನಿಂತಿತು. ಈ ಸಂದರ್ಭದ ವಾಗ್ವಾದಗಳು ಹೆಚ್ಚಾಗಿ ಟಿಪ್ಪುವಿನ ಧಾರ್ಮಿಕ ನೀತಿ ಮತ್ತು ಕೊಡಗು, ಮಲಬಾರ್, ಮಂಗಳೂರುಗಳಲ್ಲಿ ಆತನ ಸೇನೆಯ ನಡತೆಯ ಸುತ್ತ ನಡೆದವು. ಮೈಸೂರಿನ ವಿದೇಶಾಂಗ ನೀತಿಗೆ ಅವುಗಳಲ್ಲಿ ದೊರೆತ ಜಾಗ ಕಡಿಮೆ.

ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳನ್ನು ಬ್ರಿಟಿಷರು 1814ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರಿಸಿದರು. ಆ ರಾತ್ರಿಯ ಬೆಳಕು ಅಮೆರಿಕದ ರಾಷ್ಟ್ರಗೀತೆಯಲ್ಲಿ ಉಳಿದಿದೆ. 1792ರಲ್ಲಿ ವಾಷಿಂಗ್ಟನ್ ಕಲ್ಕತ್ತೆಗೆ ನೇಮಿಸಿದ ಕಾನ್ಸಲ್ ಬೆಂಜಮಿನ್ ಜಾಯ್‌ಗೆ ಕಂಪನಿಯ ಸರ್ಕಾರ ಆ ಪದವಿಯ ಮನ್ನಣೆ ಕೊಡದೆ, ವ್ಯಾಪಾರ ಪ್ರತಿನಿಧಿಯಾಗಿ ಇರಲು ಮಾತ್ರ ಬಿಟ್ಟಿತ್ತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಗೊಂಡದ್ದು 2025ರ ಜನವರಿಯಲ್ಲಿ.